ಜಾಝ್ ಕಲಾವಿದರ ಸಿನಿಮಾಗಳಲ್ಲಿ ಸೂಜಿ ಇದೆ, ಬಾಟಲಿ ಇದೆ, ಸಾಧಕ ಎಲ್ಲಿದೆ?

ತುಂಗಾತೀರ
ದಸರಾ ರಜೆಯ ಮೂರು ರಾತ್ರಿ ಮೂರು ಚಿತ್ರ ನೋಡಿದೆ. ‘ಬರ್ಡ್’ ಎಂಬ ಅಡ್ಡಹೆಸರಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಬಗ್ಗೆ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ‘ಬರ್ಡ್’ (1988), ಫ್ರಾನ್ಸಿನ ಬರ್ಟ್ರಾಂಡ್ ಟಾವರ್ನಿಯೆ ಅವರ ‘ರೌಂಡ್ ಮಿಡ್‌ನೈಟ್’ (1986), ಟ್ರಂಪೆಟ್ ವಾದಕ ಚೆಟ್ ಬೇಕರ್ ಕುರಿತು ಬ್ರೂಸ್ ವೆಬರ್ ಮಾಡಿದ ಕಪ್ಪುಬಿಳುಪು ಸಾಕ್ಷ್ಯಚಿತ್ರ ‘ಲೆಟ್ಸ್ ಗೆಟ್ ಲಾಸ್ಟ್’ (1988). ಮೂರೂ ಚೆನ್ನಾಗಿವೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಲ್ಲಿನ ಸಿನಿಮಾಪ್ರಿಯರು ನನ್ನನ್ನು ಬದುಕಲು ಬಿಡುವುದಿಲ್ಲ.

ಆದರೆ ಮೂರರಲ್ಲೂ ಅದೇ ರಾತ್ರಿ, ಅದೇ ಸಿಗರೇಟಿನ ಹೊಗೆ, ಅದೇ ಕುಸಿಯುವ ಮನುಷ್ಯ. ಪಾರ್ಕರ್ ಎಷ್ಟು ಕುಡಿದ, ಯಾರ ಮುಂದೆ ಅತ್ತ, ಎಲ್ಲಿ ಸತ್ತ ಎಂಬುದೆಲ್ಲ ನನಗೀಗ ಗೊತ್ತು. ಅಷ್ಟು ವೇಗದಲ್ಲಿ ಅಷ್ಟು ಸ್ಪಷ್ಟವಾಗಿ ಊದಲು ಅವನು ಏನು ಮಾಡಿದ ಎಂಬುದು ಮಾತ್ರ ಗೊತ್ತಾಗಲಿಲ್ಲ. ಒಬ್ಬ ಬಡಗಿಯ ಬಗ್ಗೆ ಎರಡೂಮುಕ್ಕಾಲು ಗಂಟೆಯ ಸಿನಿಮಾ ಮಾಡಿ, ಅವನು ಉಳಿ ಮಸೆಯುವುದನ್ನು ತೋರಿಸದೆ ಬರೀ ಜಗಳ ತೋರಿಸಿದರೆ ಒಪ್ಪುತ್ತೇವೆಯೇ?

ಸಾಧಕ, ಅಂದರೆ ದಿನದಿನದ ಅಭ್ಯಾಸ, ತೋರಿಸುವ ಜಾಝ್ ಚಿತ್ರ ಯಾವುದಾದರೂ ಇದೆಯೇ? ಕಥಾಚಿತ್ರವಾದರೂ ಸರಿ, ಸಾಕ್ಷ್ಯಚಿತ್ರವಾದರೂ ಸರಿ.

ಬೈಟೂ ಕಾಫಿ
ಸಾಧಕ ತೋರಿಸಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಸ್ವಾಮಿ? ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಹುಡುಗ ಪಿಟೀಲು ಕಲಿಯುತ್ತಿದ್ದಾನೆ. ಎರಡು ವರ್ಷದಿಂದ ಸರಳೆ ವರಸೆ. ಅದನ್ನು ಬಿಟ್ಟಿಯಾಗಿ ಕೇಳುವುದೇ ಕಷ್ಟವಾಗಿದೆ.

ಅಡ್ಡಗೋಡೆ
ಸಾಧಕ ಬೇಕಾದರೆ ‘ವಿಪ್‌ಲ್ಯಾಶ್’ (2014) ನೋಡಿ. ಡ್ರಮ್ಸ್ ಕಲಿಯುವ ಹುಡುಗನ ಕೈಯಿಂದ ರಕ್ತ ಸುರಿಯುತ್ತದೆ, ಆದರೂ ನಿಲ್ಲಿಸುವುದಿಲ್ಲ. ಆ ಚಿತ್ರದಲ್ಲೇ ಮೇಷ್ಟ್ರು ಹೇಳುತ್ತಾರೆ: ಪಾರ್ಕರ್ ಹುಡುಗನಾಗಿದ್ದಾಗ ತಪ್ಪು ಊದಿದ್ದಕ್ಕೆ ಡ್ರಮ್ಮರ್ ಜೋ ಜೋನ್ಸ್ ಅವನ ತಲೆಗೆ ಡ್ರಮ್ಸಿನ ಕಂಚಿನ ತಟ್ಟೆ (ಸಿಂಬಲ್) ಬೀಸಿದ, ಸ್ವಲ್ಪದರಲ್ಲಿ ತಲೆ ಹೋಗುತ್ತಿತ್ತು, ಆ ಅವಮಾನದಿಂದಲೇ ಅವನು ‘ಬರ್ಡ್’ ಆದ. ಕಲೆ ಹೀಗೆಯೇ ಹುಟ್ಟುವುದು. ಮೃದುವಾಗಿ ಬೆನ್ನು ತಟ್ಟಿದರೆ ಯಾರೂ ಪಾರ್ಕರ್ ಆಗುವುದಿಲ್ಲ.

ಹಳೆ ರೇಡಿಯೊ
ಅಡ್ಡಗೋಡೆಯವರೇ, ಆ ಕಥೆ ಪ್ರತಿ ಚಿತ್ರದಲ್ಲೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಬಂದಿದೆ. ಮೂಲದಲ್ಲಿ ಏನಾಯಿತೆಂದು ಹೇಳಿದವರು ಬಾಸ್ ವಾದಕ ಜೀನ್ ರೇಮಿ. ಕಾನ್ಸಾಸ್ ಸಿಟಿಯ ರೀನೋ ಕ್ಲಬ್, 1936ರ ಸುಮಾರು, ಪಾರ್ಕರನಿಗೆ ಹದಿನಾರು ತುಂಬಿರಲಿಲ್ಲ ಅಥವಾ ಆಗತಾನೇ ತುಂಬಿತ್ತು. ಹುಡುಗ ದಾರಿ ತಪ್ಪಿದ. ಜೋ ಜೋನ್ಸ್ ತಟ್ಟೆಯನ್ನು ಕಳಚಿ ಅವನ ಕಾಲ ಬಳಿ ನೆಲಕ್ಕೆ ಹಾಕಿದರು. ಠಣ್ ಎಂದು ಸದ್ದಾಯಿತು, ಜನ ನಕ್ಕರು. ಇಷ್ಟೇ. ತಲೆಗೆ ಗುರಿಯಿಟ್ಟು ಯಾರೂ ಬೀಸಲಿಲ್ಲ. ‘ಬರ್ಡ್’ ಚಿತ್ರದಲ್ಲಿ ಅದೇ ತಟ್ಟೆ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಾ ಮತ್ತೆ ಮತ್ತೆ ಹಾರುತ್ತದೆ. ‘ವಿಪ್‌ಲ್ಯಾಶ್’ಗೆ ಬರುವ ಹೊತ್ತಿಗೆ ಅದು ಸುದರ್ಶನ ಚಕ್ರವಾಗಿದೆ.

ತುಂಗಾತೀರ ಅವರು ಕೇಳುತ್ತಿರುವುದು ಆ ರಾತ್ರಿಯ ನಂತರದ ಕಥೆಯನ್ನು. 1937ರ ಬೇಸಿಗೆಯಲ್ಲಿ ಪಾರ್ಕರ್ ಒಂದು ವಾದ್ಯವೃಂದದ ಜೊತೆ ಓಝಾರ್ಕ್ ಗುಡ್ಡಗಾಡಿನ ಪ್ರವಾಸಿ ತಾಣಕ್ಕೆ ಹೋದ. ಕೌಂಟ್ ಬೇಸಿ ತಂಡದ ರೆಕಾರ್ಡುಗಳನ್ನು ಜೊತೆಗೆ ಒಯ್ದು, ಆ ತಂಡದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಊದಿದ್ದನ್ನು ಸ್ವರ ಸ್ವರವಾಗಿ ಬಾಯಿಪಾಠ ಮಾಡಿದ. ತಿರುಗಿ ಬಂದಾಗ ಬೇರೆಯೇ ಮನುಷ್ಯ. 1954ರಲ್ಲಿ ಬಾಸ್ಟನ್ನಿನ ರೇಡಿಯೊ ಸಂದರ್ಶನವೊಂದರಲ್ಲಿ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಇದನ್ನೇ ಕೇಳಿದರು. ಮೂರು ನಾಲ್ಕು ವರ್ಷ ದಿನಕ್ಕೆ ಹನ್ನೊಂದರಿಂದ ಹದಿನೈದು ಗಂಟೆ ಅಭ್ಯಾಸ ಮಾಡುತ್ತಿದ್ದೆ ಎಂದು ಪಾರ್ಕರ್ ಉತ್ತರಿಸಿದ. ಸದ್ದು ತಡೆಯಲಾರದೆ ನೆರೆಹೊರೆಯವರು ಒಮ್ಮೆ ಅವನ ತಾಯಿಗೆ ಮನೆ ಖಾಲಿ ಮಾಡಲು ಹೇಳುವುದಾಗಿ ಬೆದರಿಸಿದ್ದರಂತೆ. ಬೈಟೂ ಕಾಫಿಯವರು ಆ ಬೀದಿಯಲ್ಲಿ ಇದ್ದಿರಬೇಕು.

ಬೈಟೂ ಕಾಫಿ
ಇದ್ದಿದ್ದರೆ ಮೊದಲ ಸಹಿ ನನ್ನದೇ.

ಶ್ರುತಿಪೆಟ್ಟಿಗೆ
ಅಡ್ಡಗೋಡೆಯವರೇ, ನಾನು ಹದಿನೆಂಟು ವರ್ಷ ಹಾಡು ಕಲಿತವಳು, ಈಗ ಕಲಿಸುತ್ತೇನೆ. ‘ವಿಪ್‌ಲ್ಯಾಶ್’ನಲ್ಲಿ ಇರುವುದು ಸಾಧಕವಲ್ಲ, ಕುಸ್ತಿ. ಸಾಧಕದಲ್ಲಿ ರಕ್ತ ಬರುವುದಿಲ್ಲ, ಬೇಸರ ಬರುತ್ತದೆ. ಒಂದೇ ಸಂಗತಿಯನ್ನು ನಲವತ್ತು ಸಲ ಹಾಡಿ, ನಲವತ್ತೊಂದನೆಯ ಸಲ ಎಲ್ಲಿ ಜಾರುತ್ತಿದೆ ಎಂದು ತಿಳಿಯುವುದು. ಬೇಸರವನ್ನು ಬೇಸರವಾಗದಂತೆ ತೋರಿಸಲು ಬಂದರೆ ಆ ನಿರ್ದೇಶಕನಿಗೆ ನಾನು ಕೈಮುಗಿಯುತ್ತೇನೆ.

ರೀಲುಪೆಟ್ಟಿಗೆ
‘ಬರ್ಡ್’ ಚಿತ್ರಕ್ಕೆ ಅನ್ಯಾಯವಾಗುತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಆ ಚಿತ್ರದ ನಿಜವಾದ ಸಾಧನೆ ಕಥೆಯಲ್ಲಿಲ್ಲ, ಧ್ವನಿಪಥದಲ್ಲಿದೆ. ಪಾರ್ಕರನ ಹಳೆಯ ಧ್ವನಿಮುದ್ರಣಗಳಿಂದ ಅವನ ಸ್ಯಾಕ್ಸೊಫೋನನ್ನು ಮಾತ್ರ ಯಂತ್ರದ ಸಹಾಯದಿಂದ ಬೇರ್ಪಡಿಸಿ, ಉಳಿದ ವಾದ್ಯಗಳನ್ನು ಹೊಸ ಕಲಾವಿದರಿಂದ ಮತ್ತೆ ನುಡಿಸಿದರು. ಅಂದರೆ ಸತ್ತು ಮೂವತ್ತಮೂರು ವರ್ಷವಾಗಿದ್ದ ಮನುಷ್ಯನಿಗೆ ಬದುಕಿರುವವರು ಪಕ್ಕವಾದ್ಯ ನುಡಿಸಿದರು. ಧ್ವನಿಗಾಗಿ ಆಸ್ಕರ್ ಬಂತು. ಪಾರ್ಕರ್ ಆಗಿ ನಟಿಸಿದ ಫಾರೆಸ್ಟ್ ವಿಟೇಕರ್‌ಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕುಡಿತ ತೋರಿಸಿದರು ಎಂದು ದೂರುತ್ತೀರಿ. ಪಾರ್ಕರ್ ಸತ್ತಾಗ ದೇಹವನ್ನು ಪರೀಕ್ಷಿಸಿದ ವೈದ್ಯರು ಐವತ್ತರಿಂದ ಅರವತ್ತರ ಪ್ರಾಯದವನೆಂದು ಅಂದಾಜು ಮಾಡಿದ್ದರು. ಅವನಿಗೆ ಆಗಿದ್ದದ್ದು 34. ಇದನ್ನು ಬಿಟ್ಟು ಚಿತ್ರ ಮಾಡಲು ಸಾಧ್ಯವೇ?

ಹಳೆ ರೇಡಿಯೊ
ಬಿಡಲು ಯಾರೂ ಹೇಳಲಿಲ್ಲ. ಆದರೆ ನೀವು ಹೊಗಳಿದ ಧ್ವನಿಪಥದ ಬಗ್ಗೆಯೇ ನನ್ನ ತಕರಾರು. ಜಾಝ್ ಎಂದರೆ ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರ. ಪಾರ್ಕರ್ ಒಂದು ತಿರುವು ತೆಗೆದುಕೊಂಡರೆ ಅದು ಆ ಕ್ಷಣದಲ್ಲಿ ಅವನ ಹಿಂದೆ ಕುಳಿತಿದ್ದ ಡ್ರಮ್ಮರ್ ಏನೋ ಮಾಡಿದ್ದಕ್ಕೆ. ಆ ಡ್ರಮ್ಮರನನ್ನೇ ಅಳಿಸಿ ಹೊಸಬರನ್ನು ಕೂರಿಸಿದರೆ, ದೂರವಾಣಿಯಲ್ಲಿ ಮಾತನಾಡುವವನ ಒಂದು ಬದಿಯನ್ನು ಉಳಿಸಿಕೊಂಡು ಇನ್ನೊಂದು ಬದಿಗೆ ಹೊಸ ಸಂಭಾಷಣೆ ಬರೆದಂತೆ. ಒಬ್ಬ ಮೃದಂಗ ವಿದ್ವಾಂಸರ ತನಿ ಆವರ್ತನವನ್ನು ಕತ್ತರಿಸಿ ಬೇರೊಬ್ಬರ ಕಛೇರಿಗೆ ಅಂಟಿಸಿದರೆ ನೀವು ಕೇಳುತ್ತೀರಾ?

ರೀಲುಪೆಟ್ಟಿಗೆ
1940ರ ದಶಕದ ಗರಗರ ಸದ್ದಿನ ಮುದ್ರಣವನ್ನು ಚಿತ್ರಮಂದಿರದ ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ನಿಮ್ಮಂಥ ಹತ್ತು ಜನ ಬಿಟ್ಟು ಉಳಿದವರೆಲ್ಲ ಎದ್ದು ಹೋಗುತ್ತಿದ್ದರು. ಬೇರೊಬ್ಬ ನಕಲಿಯಿಂದ ಊದಿಸುವುದಕ್ಕಿಂತ ಇದು ಮೇಲು.

ಗದಗಿನ ಗಾಳಿ
ನಕಲಿ ಎಂದಾಗ ನೆನಪಾಯಿತು. ‘ಯಂಗ್ ಮ್ಯಾನ್ ವಿತ್ ಎ ಹಾರ್ನ್’ (1950) ಯಾರಾದರೂ ನೋಡಿದ್ದೀರಾ? ಕರ್ಕ್ ಡಗ್ಲಸ್ ಟ್ರಂಪೆಟ್ ಹಿಡಿದಿದ್ದಾನೆ, ಊದಿದವರು ಹ್ಯಾರಿ ಜೇಮ್ಸ್. ಬಿಕ್ಸ್ ಬೈಡರ್‌ಬೆಕ್ ಎಂಬ ಕಲಾವಿದನ ಬದುಕಿನಿಂದ ಪ್ರೇರಿತವಾದ ಕಾದಂಬರಿಯ ಮೇಲೆ ತೆಗೆದ ಚಿತ್ರ. ನಿಜವಾದ ಬಿಕ್ಸ್ 28ಕ್ಕೇ ಸತ್ತ, ಚಿತ್ರದ ನಾಯಕ ಬದುಕಿ ಉಳಿದು ಸುಖವಾಗಿರುತ್ತಾನೆ! ಹಾಲಿವುಡ್‌ನವರು ಆಗ ಕೊಂದು ತೋರಿಸಲು ಹೆದರುತ್ತಿದ್ದರು, ಈಗ ಬದುಕಿಸಿ ತೋರಿಸಲು ಹೆದರುತ್ತಾರೆ.

ಬೈಟೂ ಕಾಫಿ
ಒಬ್ಬರು ಹಿಡಿಯುವುದು, ಇನ್ನೊಬ್ಬರು ಊದುವುದು ನಮಗೇನು ಹೊಸದೇ? ‘ಸನಾದಿ ಅಪ್ಪಣ್ಣ’ (1977). ಕಣ್ಣು ಮುಚ್ಚಿದರೆ ಉಸ್ತಾದ್ ಬಿಸ್ಮಿಲ್ಲಾ ಖಾನ್, ಕಣ್ಣು ಬಿಟ್ಟರೆ ರಾಜ್‌ಕುಮಾರ್.

ಗದಗಿನ ಗಾಳಿ
ಅದನ್ನು ನಕಲಿ ಎಂದರೆ ಈ ಚರ್ಚೆಯಿಂದ ನಾನೇ ನಿಮ್ಮನ್ನು ಹೊರಗೆ ಹಾಕಿಸುತ್ತೇನೆ.

ಬೈಟೂ ಕಾಫಿ
ಅಯ್ಯೋ, ನಾನು ಹೊಗಳಿದ್ದು ಸಾಹೇಬರೇ!

ಶ್ರುತಿಪೆಟ್ಟಿಗೆ
ಈ ವಿಷಯದಲ್ಲೇ ‘ರೌಂಡ್ ಮಿಡ್‌ನೈಟ್’ ಬೇರೆ ಎನ್ನುವುದು. ಅದರ ನಾಯಕನಾದ ಡೆಕ್ಸ್ಟರ್ ಗಾರ್ಡನ್ ನಟನಲ್ಲ, ಹದಿನಾಲ್ಕು ವರ್ಷ ಯೂರೋಪಿನಲ್ಲಿ ಬದುಕಿದ ನಿಜವಾದ ಟೆನರ್ ಸ್ಯಾಕ್ಸೊಫೋನ್ ಕಲಾವಿದ. ಚಿತ್ರೀಕರಣದ ಹೊತ್ತಿಗೆ ಅರವತ್ತು ದಾಟಿತ್ತು, ಆರೋಗ್ಯ ಕೆಟ್ಟಿತ್ತು. ಸಂಗೀತವನ್ನು ಸೆಟ್ಟಿನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ನುಡಿಸಿ ಮುದ್ರಿಸಿಕೊಂಡರು. ಪಿಯಾನೊದ ಮುಂದೆ ಹರ್ಬಿ ಹ್ಯಾನ್‌ಕಾಕ್, ಅವರಿಗೆ ಸಂಗೀತದ ಆಸ್ಕರ್ ಕೂಡ ಬಂತು. ಗಾರ್ಡನ್ ಊದಲು ಶುರುಮಾಡುವ ಮೊದಲು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರಲ್ಲ, ಉಸಿರನ್ನು ಒಳಗೇ ಹುಡುಕುತ್ತಿರುವಂತೆ, ಅದನ್ನು ಯಾವ ನಟನಿಗೂ ಹೇಳಿಕೊಡಲು ಬರುವುದಿಲ್ಲ. ತುಂಗಾತೀರ ಅವರೇ, ಆ ನಿಲುವಿನಲ್ಲಿ ನಿಮಗೆ ಸಾಧಕ ಕಾಣಲಿಲ್ಲವೇ? ನನಗೆ ಕಂಡದ್ದು ಅದೊಂದೇ.

ರೀಲುಪೆಟ್ಟಿಗೆ
ಇದಕ್ಕೊಂದು ಬಾಲ ಸೇರಿಸುತ್ತೇನೆ. ಆ ಪಾತ್ರಕ್ಕೆ ಗಾರ್ಡನ್ ಶ್ರೇಷ್ಠ ನಟ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಸಿಗಲಿಲ್ಲ. ಯಾರಿಗೆ ಹೋಯಿತು? ಪಾಲ್ ನ್ಯೂಮನ್‌ಗೆ. ಅದೇ ನ್ಯೂಮನ್ 1961ರ ‘ಪ್ಯಾರಿಸ್ ಬ್ಲೂಸ್’ನಲ್ಲಿ ಟ್ರಾಂಬೋನ್ ವಾದಕನಾಗಿ ನಟಿಸಿದ್ದರು, ಊದಿದ್ದು ಬೇರೆಯವರು. ಸುಳ್ಳು ಊದಿದವರು ನಿಜವಾಗಿ ಊದಿದವರನ್ನು ಸೋಲಿಸಿದರು.

ಅಡ್ಡಗೋಡೆ
ನ್ಯೂಮನ್‌ಗೆ ಪ್ರಶಸ್ತಿ ಬಂದದ್ದು ಬಿಲಿಯರ್ಡ್ಸ್ ಆಟಗಾರನ ಪಾತ್ರಕ್ಕೆ, ಟ್ರಾಂಬೋನಿಗಲ್ಲ. ಇಷ್ಟಕ್ಕೂ ‘ರೌಂಡ್ ಮಿಡ್‌ನೈಟ್’ ಕೂಡ ಕುಡುಕನ ಕಥೆಯೇ. ಪ್ಯಾರಿಸ್ಸಿನ ಒಬ್ಬ ಅಭಿಮಾನಿ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಉಪಚಾರ ಮಾಡುತ್ತಾನೆ. ಬಿಳಿಯ ಮನುಷ್ಯ ಬಂದು ಕರಿಯ ಕಲಾವಿದನನ್ನು ಉದ್ಧಾರ ಮಾಡಿದ, ಮುಗಿಯಿತು.

ಹಳೆ ರೇಡಿಯೊ
ಆ ಅಭಿಮಾನಿ ಕಲ್ಪಿತ ಪಾತ್ರವಲ್ಲ. ಫ್ರಾನ್ಸಿಸ್ ಪೋದ್ರಾ ಎಂಬ ಚಿತ್ರಕಾರ ಪಿಯಾನೊ ವಾದಕ ಬಡ್ ಪವೆಲ್‌ರನ್ನು ನಿಜವಾಗಿಯೂ ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಂಡ. ಪವೆಲ್ 1964ರಲ್ಲಿ ನ್ಯೂಯಾರ್ಕಿಗೆ ಮರಳಿದರು, 1966ರಲ್ಲಿ ತೀರಿಕೊಂಡರು, 41 ವರ್ಷ. ಚಿತ್ರದ ಪಾತ್ರದಲ್ಲಿ ಅರ್ಧ ಪವೆಲ್, ಇನ್ನರ್ಧ ಲೆಸ್ಟರ್ ಯಂಗ್. ಇಬ್ಬರಿಗೂ ಚಿತ್ರವನ್ನು ಅರ್ಪಿಸಿದ್ದಾರೆ.

ಆದರೆ ಅಡ್ಡಗೋಡೆಯವರ ಮಾತಿನಲ್ಲಿ ಒಂದು ಅಂಶ ನಿಲ್ಲುತ್ತದೆ, ಒಪ್ಪುತ್ತೇನೆ. ಪವೆಲ್ ಕುಡಿತದಿಂದ ಮಾತ್ರ ಹಾಳಾದವರಲ್ಲ. 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಪೊಲೀಸರು ತಲೆಗೆ ಹೊಡೆದರು. ಆಮೇಲೆ ಮಾನಸಿಕ ಆಸ್ಪತ್ರೆಗಳು, ವಿದ್ಯುತ್ ಚಿಕಿತ್ಸೆ. ಲೆಸ್ಟರ್ ಯಂಗ್‌ಗೆ ಅದೇ ವರ್ಷ ಸೈನ್ಯದಲ್ಲಿ ಕೋರ್ಟ್ ಮಾರ್ಷಲ್ ಆಗಿ ಸೆರೆವಾಸ. ಸಿನಿಮಾಗಳು ಬಾಟಲಿ ತೋರಿಸುವಷ್ಟು ಧಾರಾಳವಾಗಿ ಲಾಠಿ ತೋರಿಸುವುದಿಲ್ಲ.

ಕಡಲಮೀನು
ಲಾಠಿಯ ಮಾತು ಬಂದದ್ದರಿಂದ ಇದನ್ನು ಹೇಳಬೇಕು ಮಾರಾಯರೇ. 1944ರ ‘ಜ್ಯಾಮಿನ್ ದ ಬ್ಲೂಸ್’ ನೋಡಿ, ಬರೀ ಹತ್ತು ನಿಮಿಷದ ಕಿರುಚಿತ್ರ. ಲೈಫ್ ಪತ್ರಿಕೆಯ ಛಾಯಾಗ್ರಾಹಕ ಗ್ಯೋನ್ ಮಿಲಿ ನಿರ್ದೇಶಿಸಿದ್ದು. ಮೊದಲಿಗೆ ಪರದೆಯ ಮೇಲೆ ಎರಡು ವೃತ್ತಗಳು, ಏನೆಂದು ತಿಳಿಯುವುದಿಲ್ಲ. ನಿಧಾನವಾಗಿ ಅದು ಲೆಸ್ಟರ್ ಯಂಗ್ ಅವರ ಟೋಪಿಯ ಮೇಲ್ಭಾಗ ಎಂದು ತಿಳಿಯುತ್ತದೆ, ಅವರು ತಲೆ ಎತ್ತುತ್ತಾರೆ. ಅದರಲ್ಲಿ ಗಿಟಾರ್ ನುಡಿಸಿದ ಬಾರ್ನಿ ಕೆಸೆಲ್ ಒಬ್ಬರೇ ಬಿಳಿಯರು. ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸುವುದನ್ನು ತೋರಿಸಿದರೆ ಅಮೆರಿಕದ ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳು ಒಪ್ಪುವುದಿಲ್ಲವೆಂದು ಅವರನ್ನು ನೆರಳಿನಲ್ಲಿ ಕೂರಿಸಿ, ಹತ್ತಿರದ ದೃಶ್ಯಗಳಿಗಾಗಿ ಕೈಗೆ ಹಣ್ಣಿನ ರಸ ಬಳಿದು ಕಪ್ಪು ಮಾಡಿದರು!

‘ಬರ್ಡ್’ನಲ್ಲಿ ಇದರ ಇನ್ನೊಂದು ಮುಖ ಇದೆ. ಪಾರ್ಕರ್ ತಂಡದ ಬಿಳಿಯ ಟ್ರಂಪೆಟ್ ವಾದಕ ರೆಡ್ ರಾಡ್ನಿಯನ್ನು ದಕ್ಷಿಣದ ಪ್ರವಾಸದಲ್ಲಿ ‘ಆಲ್ಬಿನೊ ರೆಡ್’ ಎಂದು, ಅಂದರೆ ತೊನ್ನಿನಂತೆ ಬಿಳಿಚಿಕೊಂಡ ಕರಿಯ ಎಂದು ಹೇಳಿ ದಾಟಿಸಿದ್ದು. ನಗು ಬರುತ್ತದೆ, ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ.

ಶ್ರುತಿಪೆಟ್ಟಿಗೆ
ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ನಟಿಸಿದ ಒಂದೇ ಒಂದು ಪೂರ್ಣ ಕಥಾಚಿತ್ರ ‘ನ್ಯೂ ಆರ್ಲಿಯನ್ಸ್’ (1947). ಅದರಲ್ಲಿ ಆಕೆಗೆ ಕೊಟ್ಟ ಪಾತ್ರ ಮನೆಗೆಲಸದವಳದ್ದು. ಅಂಥ ಕಂಠ ಇಟ್ಟುಕೊಂಡು ಬಿಳಿಯ ಯಜಮಾನಿಯ ಮನೆಯಲ್ಲಿ ಕೆಲಸ. ಆಕೆ ತೀರಿಕೊಂಡ ಮೇಲೆ ಬೇರೆ ನಟಿಯರು ಆಕೆಯ ಪಾತ್ರ ಮಾಡಿ ಆಸ್ಕರ್ ನಾಮನಿರ್ದೇಶನ ಪಡೆದರು, 1972ರ ಚಿತ್ರಕ್ಕೆ ಡಯಾನಾ ರಾಸ್, 2021ರಲ್ಲಿ ಬಂದ ಚಿತ್ರಕ್ಕೆ ಆಂಡ್ರಾ ಡೇ.

ಇನ್ನೂ ಒಂದು ಮಾತು. ಈ ಚಿತ್ರಗಳಲ್ಲಿ ಹೆಂಗಸರು ಬಾಗಿಲ ಬಳಿ ನಿಂತು ಕಾಯುತ್ತಾರೆ, ಅಥವಾ ಅಳುತ್ತಾರೆ. ಅದಕ್ಕೆ ಹೊರತಾದದ್ದು ‘ಐ ಕಾಲ್ಡ್ ಹಿಮ್ ಮಾರ್ಗನ್’ (2016), ಸ್ವೀಡನ್ನಿನ ಕಾಸ್ಪರ್ ಕೊಲಿನ್ ಅವರ ಸಾಕ್ಷ್ಯಚಿತ್ರ. ಟ್ರಂಪೆಟ್ ವಾದಕ ಲೀ ಮಾರ್ಗನ್‌ನನ್ನು ಹೆರಾಯಿನ್ ಚಟದಿಂದ ಎಬ್ಬಿಸಿ ನಿಲ್ಲಿಸಿದವಳು ಹೆಲೆನ್. 1972ರ ಫೆಬ್ರವರಿಯ ಒಂದು ಹಿಮಪಾತದ ರಾತ್ರಿ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ಅವನಿಗೆ ಗುಂಡು ಹೊಡೆದವಳೂ ಅವಳೇ. ಅವನಿಗೆ 33. ಹೆಲೆನ್ ತಾನು ಸಾಯುವುದಕ್ಕೆ ಸುಮಾರು ಒಂದು ತಿಂಗಳ ಮೊದಲು, 1996ರಲ್ಲಿ, ಕೊಟ್ಟ ಸಂದರ್ಶನದ ಕ್ಯಾಸೆಟ್ ಇದೆ; ಚಿತ್ರ ನಿಂತಿರುವುದೇ ಆ ಧ್ವನಿಯ ಮೇಲೆ. ತುಂಗಾತೀರ ಅವರೇ, ಇದರಲ್ಲಿ ಸೂಜಿ ಇದೆ, ಸಾವೂ ಇದೆ. ಆದರೂ ನೋಡಿ. ಯಾರನ್ನೂ ಕ್ಷಮಿಸಲು ಅವಸರ ಮಾಡುವುದಿಲ್ಲ, ಬೈಯಲೂ ಅವಸರ ಮಾಡುವುದಿಲ್ಲ.

ಅಡ್ಡಗೋಡೆ
ಎಲ್ಲರೂ ಕಥಾಚಿತ್ರ ಸುಳ್ಳು, ಸಾಕ್ಷ್ಯಚಿತ್ರ ನಿಜ ಎಂಬಂತೆ ಬರೆಯುತ್ತಿದ್ದೀರಿ. ಕೆನ್ ಬರ್ನ್ಸ್ 2001ರಲ್ಲಿ ಹತ್ತು ಕಂತು, ಹತ್ತೊಂಬತ್ತು ಗಂಟೆಗಳ ‘ಜಾಝ್’ ಸರಣಿ ಮಾಡಿದರು. 1961ರಿಂದ ಈಚಿನ ನಲವತ್ತು ವರ್ಷಕ್ಕೆ ಕೊಟ್ಟದ್ದು ಒಂದೇ ಕಂತು. ನಮ್ಮ ಮನೆಯ ಇತಿಹಾಸ ಬರೆದವರು ಮುತ್ತಜ್ಜನಿಗೆ ಒಂಬತ್ತು ಅಧ್ಯಾಯ ಕೊಟ್ಟು, ಅಪ್ಪ ಮತ್ತು ನಾನು ಸೇರಿ ಅರ್ಧ ಪುಟ ಎಂದರೆ ಹೇಗೆ?

ಬೈಟೂ ಕಾಫಿ
ನಿಮಗೆ ಅರ್ಧ ಪುಟವೇ ಹೆಚ್ಚು.

ನಿರ್ವಾಹಕ
ವೈಯಕ್ತಿಕ ಬೇಡ. ಬೈಟೂ ಕಾಫಿ, ಇದು ಎರಡನೆಯ ಎಚ್ಚರಿಕೆ.

ನ್ಯೂಜೆರ್ಸಿ ನಿವಾಸಿ
ಸಾಧಕ ಬೇಕೆಂದವರಿಗೆ ನನ್ನ ಉತ್ತರ ಒಂದೇ: ‘ಥಿಲೋನಿಯಸ್ ಮಂಕ್: ಸ್ಟ್ರೇಟ್, ನೋ ಚೇಸರ್’. 1967-68ರಲ್ಲಿ ಬ್ಲ್ಯಾಕ್‌ವುಡ್ ಸಹೋದರರು ಪಶ್ಚಿಮ ಜರ್ಮನಿಯ ಟಿವಿಗಾಗಿ ಪಿಯಾನೊ ವಾದಕ ಮಂಕ್‌ನನ್ನು ಹಿಂಬಾಲಿಸಿ ಗಂಟೆಗಟ್ಟಲೆ ಚಿತ್ರೀಕರಿಸಿದ್ದರು. ಅದು ಹಾಗೆಯೇ ಬಿದ್ದಿತ್ತು. ಷಾರ್ಲೆಟ್ ಝ್ವೆರಿನ್ 1988ರಲ್ಲಿ ಅದನ್ನು ಚಿತ್ರವಾಗಿ ಕೂಡಿಸಿದರು. ಕಾರ್ಯನಿರ್ವಾಹಕ ನಿರ್ಮಾಪಕ ಯಾರು ಗೊತ್ತೇ? ನೀವೆಲ್ಲ ಬೈಯುತ್ತಿರುವ ಅದೇ ಕ್ಲಿಂಟ್ ಈಸ್ಟ್‌ವುಡ್.

ಅದರಲ್ಲಿ ತಾಲೀಮು ಇದೆ, ಸ್ಟುಡಿಯೊ ಇದೆ, ವಿಮಾನ ನಿಲ್ದಾಣದಲ್ಲಿ ಮಂಕ್ ನಿಂತಲ್ಲೇ ಗಿರಗಿರನೆ ತಿರುಗುವುದಿದೆ. ಕ್ಯಾಮೆರಾ ಅವನ ಬೆರಳುಗಳನ್ನು ಬಿಟ್ಟು ಅಲ್ಲಾಡುವುದಿಲ್ಲ. ಬೆರಳುಗಳನ್ನು ಬಾಗಿಸದೆ ಚಪ್ಪಟೆಯಾಗಿ ಇಟ್ಟುಕೊಂಡು ಕುಟ್ಟುತ್ತಾನೆ, ಪಿಯಾನೊ ಮೇಷ್ಟ್ರು ಕಂಡರೆ ಕೈಗೆ ಬಾರಿಸುತ್ತಾರೆ.

ನಾನಿರುವ ಊರಿನಿಂದ ವೀಹಾಕನ್ ಹತ್ತಿರ. ಹಡ್ಸನ್ ನದಿಯ ಈ ದಡದಲ್ಲಿ ನಿಂತರೆ ಆ ದಡದಲ್ಲಿ ಮ್ಯಾನ್‌ಹಟನ್ ಇಡಿಯಾಗಿ ಕಾಣುತ್ತದೆ. ಮಂಕ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ, ಪ್ಯಾನೋನಿಕಾ ಎಂಬ ರಾಥ್‌ಚೈಲ್ಡ್ ಮನೆತನದ ಶ್ರೀಮಂತೆಯ ಮನೆಯಲ್ಲಿ, ಅವಳ ಹತ್ತಾರು ಬೆಕ್ಕುಗಳ ನಡುವೆ. 1982ರಲ್ಲಿ ತೀರಿಕೊಂಡ. ಪಾರ್ಕರ್ 1955ರಲ್ಲಿ ಸತ್ತದ್ದೂ ಇದೇ ಮಹಿಳೆಯ ಹೋಟೆಲ್ ಕೊಠಡಿಯಲ್ಲಿ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಆ ಬೀದಿಯಲ್ಲಿ ನಡೆದೆ. ಇಲ್ಲಿ ಏನಿದೆ ಅಪ್ಪ ಎಂದಳು. ಏನೂ ಇಲ್ಲ ಎಂದೆ. ಹಾಗಾದರೆ ಏಕೆ ಬಂದೆವು ಎಂದಳು.

ಕಡಲಮೀನು
ಮಂಕ್ ‘ಜಾಝ್ ಆನ್ ಎ ಸಮರ್ಸ್ ಡೇ’ಯಲ್ಲೂ ಇದ್ದಾನೆ. 1958ರ ನ್ಯೂಪೋರ್ಟ್ ಉತ್ಸವವನ್ನು ಬರ್ಟ್ ಸ್ಟರ್ನ್ ಬಣ್ಣದಲ್ಲಿ ಚಿತ್ರಿಸಿದ್ದು. ಎಂಥ ಬಣ್ಣ! ಗಾಯಕಿ ಅನಿಟಾ ಓಡೇ ಅವರ ಕಪ್ಪು ಉಡುಪು, ಗರಿಯ ಟೋಪಿ, ಬಿಳಿಯ ಕೈಗವಸು. ಕೊನೆಗೆ ಮಹೇಲಿಯಾ ಜಾಕ್ಸನ್ ಹಾಡುವಾಗ ನನಗೆ ಕಣ್ಣು ಒದ್ದೆಯಾಯಿತು.

ಹಳೆ ರೇಡಿಯೊ
ಬಣ್ಣ ಸರಿ. ಆದರೆ ಮಂಕ್ ನುಡಿಸಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಕ್ಯಾಮೆರಾ ಎದ್ದು ಸಮುದ್ರಕ್ಕೆ ಹೋಗುತ್ತದೆ, ದೋಣಿ ಸ್ಪರ್ಧೆ ನೋಡಲು! ಮೇಲೆ ಆ ಸ್ಪರ್ಧೆಯ ವೀಕ್ಷಕ ವಿವರಣೆ ಬೇರೆ. ನಲವತ್ತು ವರ್ಷದಿಂದ ಆ ದೋಣಿಗಳ ಮೇಲೆ ನನಗೆ ಸಿಟ್ಟಿದೆ. ಸ್ಟರ್ನ್ ಜಾಹೀರಾತಿನ ಛಾಯಾಗ್ರಾಹಕ, ಅವನಿಗೆ ಮುಖ ಬೇಕು, ಬೆಳಕು ಬೇಕು. ಬೆರಳು ಬೇಕಿಲ್ಲ.

ರೀಲುಪೆಟ್ಟಿಗೆ
ಕೇಳುಗರೂ ಸಂಗೀತದ ಭಾಗವೇ ರಾಯರೇ. ಐಸ್‌ಕ್ರೀಮ್ ತಿನ್ನುತ್ತಾ ತಲೆದೂಗುವವರನ್ನು ತೋರಿಸಿದ್ದರಿಂದಲೇ ಆ ಚಿತ್ರ ಇವತ್ತಿಗೂ ಉಸಿರಾಡುತ್ತಿದೆ.

ಅಂದ ಹಾಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಹಾರ್ಲೆಮ್‌ನ ಒಂದು ಮನೆಯ ಮೆಟ್ಟಿಲ ಮೇಲೆ 57 ಜಾಝ್ ಕಲಾವಿದರನ್ನು ನಿಲ್ಲಿಸಿ ಆರ್ಟ್ ಕೇನ್ ತೆಗೆದ ಒಂದೇ ಒಂದು ಛಾಯಾಚಿತ್ರದ ಮೇಲೆ ಜೀನ್ ಬಾಕ್ ಇಡೀ ಸಾಕ್ಷ್ಯಚಿತ್ರ ಮಾಡಿದ್ದಾರೆ, ‘ಎ ಗ್ರೇಟ್ ಡೇ ಇನ್ ಹಾರ್ಲೆಮ್’ (1994). ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದಾಗ, ದಿನಕ್ಕೆ ಎರಡು ಸಲ ಹತ್ತು ಗಂಟೆಯಾಗುತ್ತದೆ ಎಂಬುದೇ ಕೆಲವು ಕಲಾವಿದರಿಗೆ ಹೊಸ ಸುದ್ದಿಯಾಗಿತ್ತಂತೆ. ಕೌಂಟ್ ಬೇಸಿ ನಿಂತು ನಿಂತು ಸುಸ್ತಾಗಿ ಬೀದಿಯ ಹುಡುಗರ ಜೊತೆ ಕಾಲುದಾರಿಯ ಅಂಚಿನಲ್ಲಿ ಕುಳಿತುಬಿಟ್ಟರು. ಮಂಕ್ ಎಲ್ಲರ ಕಣ್ಣಿಗೆ ಬೀಳಲೆಂದು ತಿಳಿಬಣ್ಣದ ಕೋಟು ಹಾಕಿಕೊಂಡು ಬಂದು ಹೆಂಗಸರ ಪಕ್ಕ ನಿಂತ. ಒಂದು ಹನಿ ರಕ್ತ ಇಲ್ಲ, ಒಂದು ಸೂಜಿ ಇಲ್ಲ. ತುಂಗಾತೀರ ಅವರಿಗೆ ಇದೇ ಔಷಧಿ.

ಶ್ರುತಿಪೆಟ್ಟಿಗೆ
57 ಜನರಲ್ಲಿ ಹೆಂಗಸರು ಮೂವರು. ಲೆಕ್ಕಕ್ಕಿರಲಿ ಎಂದು ಹೇಳಿದೆ.

ಅಡ್ಡಗೋಡೆ
ಎಲ್ಲ ಸರಿ, ತುಂಗಾತೀರ ಅವರಿಗೆ ಇಷ್ಟೊಂದು ಕೋಪ ಏಕೆ ಎಂದು ನನಗೆ ಅರ್ಥವಾಗಲಿಲ್ಲ. ಎಪ್ಪತ್ತು ವರ್ಷ ಹಿಂದೆ ಅಮೆರಿಕದಲ್ಲಿ ಸತ್ತವರು ಕುಡಿದರೆಷ್ಟು, ಬಿಟ್ಟರೆಷ್ಟು? ಪ್ರಶ್ನೆ ಕೇಳಿ ಎರಡು ದಿನದಿಂದ ಆಸಾಮಿಯೇ ನಾಪತ್ತೆ.

ತುಂಗಾತೀರ
ನಾಪತ್ತೆಯಲ್ಲ, ಓದುತ್ತಿದ್ದೆ. ಕೋಪಕ್ಕೆ ಕಾರಣ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ನನ್ನ ತಂದೆ ಮೂವತ್ತೊಂದು ವರ್ಷ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿಯೋನೆಟ್ ನುಡಿಸಿದವರು. ಮದುವೆ, ಗಣಪತಿ ವಿಸರ್ಜನೆ, ಚುನಾವಣೆಯ ವಿಜಯೋತ್ಸವ. ಬೆಳಿಗ್ಗೆ ಐದಕ್ಕೆ ಎದ್ದು ಹಿತ್ತಿಲಿನಲ್ಲಿ ಉದ್ದ ಉದ್ದ ಸ್ವರ ಊದುತ್ತಿದ್ದರು. ಬೀದಿಯವರಿಗೆ ಮಾತ್ರ ಅವರು ‘ಬ್ಯಾಂಡಿನವನು’. ಬ್ಯಾಂಡಿನವರೆಂದರೆ ಕುಡುಕರು ಎಂದೇ ಲೆಕ್ಕ. ನನಗೆ ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಇದನ್ನೇ ನೇರವಾಗಿ ಕೇಳಿದರು. ಅಪ್ಪ ಜೀವನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ.

ಎಂಟು ವರ್ಷದ ಹಿಂದೆ ಅವರ ಮೇಲಿನ ಮುಂದಿನ ಹಲ್ಲುಗಳು ಹೋದವು. ಕ್ಲಾರಿಯೋನೆಟ್ಟಿನ ಬಾಯಿತುಂಡು ನಿಲ್ಲುವುದೇ ಆ ಹಲ್ಲುಗಳ ಆಧಾರದ ಮೇಲೆ. ಕಟ್ಟಿಸಿದ ಹಲ್ಲಿನಲ್ಲಿ ಗಾಳಿ ಸೋರುತ್ತದೆ ಎಂದು ಪೆಟ್ಟಿಗೆ ಮುಚ್ಚಿಟ್ಟರು. ಚೆಟ್ ಬೇಕರ್ ಚಿತ್ರವನ್ನು ನಾನು ನೋಡುತ್ತಿದ್ದಾಗ ಅವರೂ ಬಂದು ಕುಳಿತರು. 1966ರಲ್ಲಿ ಅವನಿಗೆ ಹೊಡೆದು ಹಲ್ಲು ಹಾಳಾದ ಕಥೆಯನ್ನು ನಾನು ಬಿಡಿಸಿ ಹೇಳಿದೆ. ಅಪ್ಪ ಕೇಳಿದ್ದು ಇಷ್ಟೇ: ‘ಹಲ್ಲು ಕಟ್ಟಿಸಿಕೊಂಡು ಮತ್ತೆ ಊದಿದನಲ್ಲ, ತುಟಿ ಹೇಗೆ ಕೂರಿಸಿದ? ಎಷ್ಟು ವರ್ಷ ಹಿಡಿಯಿತು?’ ಎರಡು ಗಂಟೆಯ ಚಿತ್ರದಲ್ಲಿ ಅವನ ಹೆಂಡತಿಯರು, ಗೆಳತಿಯರು, ಕೆನ್ನೆಯ ಸುಕ್ಕು ಎಲ್ಲ ಇತ್ತು. ಅಪ್ಪನ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅಡ್ಡಗೋಡೆ
ಕ್ಷಮಿಸಿ. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಗದಗಿನ ಗಾಳಿ
ನಮ್ಮ ವೀರೇಶ್ವರ ಪುಣ್ಯಾಶ್ರಮದ ಹಿಂದಿನ ಬೀದಿಯಲ್ಲಿ ಬೆಳೆದವನು ನಾನು. ನಸುಕಿನ ರಿಯಾಜ್ ಎಂದರೇನು ಎಂದು ಗೊತ್ತು. ತಂದೆಯವರಿಗೆ ನಮಸ್ಕಾರ ತಿಳಿಸಿ.

ರೀಲುಪೆಟ್ಟಿಗೆ
ತುಂಗಾತೀರ ಅವರೇ, ‘ಬಾರ್ನ್ ಟು ಬಿ ಬ್ಲೂ’ (2015) ತೋರಿಸಿ. ಈಥನ್ ಹಾಕ್ ಚೆಟ್ ಬೇಕರ್ ಆಗಿದ್ದಾನೆ. ಗೆಳತಿಯ ಪಾತ್ರ ಕಲ್ಪಿತ, ಬಹಳಷ್ಟು ಕಟ್ಟುಕಥೆ. ಆದರೆ ಹಲ್ಲು ಹೋದ ಮೇಲೆ ಸ್ನಾನದ ತೊಟ್ಟಿಯಲ್ಲಿ ಕುಳಿತು ಬಾಯಿಂದ ರಕ್ತ ಸೋರುತ್ತಿರುವಾಗ ಒಂದು ಸ್ವರ ಹೊರಡಿಸಲು ಒದ್ದಾಡುತ್ತಾನಲ್ಲ, ನಿಮ್ಮ ತಂದೆಯವರು ಕೇಳಿದ್ದು ಅದೇ. ಸಾಕ್ಷ್ಯಚಿತ್ರ ಬಿಟ್ಟದ್ದನ್ನು ಕಟ್ಟುಕಥೆ ಹಿಡಿದಿದೆ.

ಶ್ರುತಿಪೆಟ್ಟಿಗೆ
ಮತ್ತೆ ರಕ್ತ! ಮೊದಲು ಮಂಕ್ ತೋರಿಸಿ, ಆಮೇಲೆ ಇದು.

ಕಡಲಮೀನು
ಊದುವವರ ಮಾತು ಬಂದಾಗ ನಮ್ಮ ಕದ್ರಿ ಗೋಪಾಲನಾಥರನ್ನು ನೆನೆಯದಿದ್ದರೆ ಹೇಗೆ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದವರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ, ಒಟ್ಟಿಗೆ ನುಡಿಸೋಣ ಎಂದು ವೇದಿಕೆ ಹಂಚಿಕೊಂಡರು. ಮುಂದೆ ರುದ್ರೇಶ್ ಮಹಾಂತಪ್ಪ ಎಂಬ ಅಮೆರಿಕದ ಜಾಝ್ ಕಲಾವಿದ, ಹೆಸರು ಕೇಳಿದರೇ ಎಲ್ಲಿಯ ಬೇರು ಎಂದು ತಿಳಿಯುತ್ತದೆ, ಕದ್ರಿಯವರ ಜೊತೆ ‘ಕಿನ್ಸ್‌ಮೆನ್’ (2008) ಆಲ್ಬಮ್ ಮಾಡಿದ. ಅದೇ ರುದ್ರೇಶ್ 2015ರಲ್ಲಿ ಚಾರ್ಲಿ ಪಾರ್ಕರನಿಗೆ ಗೌರವವಾಗಿ ‘ಬರ್ಡ್ ಕಾಲ್ಸ್’ ತಂದ. ನೋಡಿ, ಸುತ್ತಿ ಸುಳಿದು ಮತ್ತೆ ಪಾರ್ಕರ್ ಬಳಿಗೇ ಬಂದೆವು.

ಹಳೆ ರೇಡಿಯೊ
ಚಾರ್ಲಿ ಮಾರಿಯಾನೊ ಅವರನ್ನೂ ಸೇರಿಸಿ. ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ಕಲಾವಿದ, ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿದರು. ರಮಾಮಣಿಯವರ ಕಂಠದ ಹಿಂದೆ ಮಾರಿಯಾನೊ ಹೇಗೆ ತಗ್ಗಿ ನಡೆಯುತ್ತಾರೆ ಕೇಳಿ.

ಬೈಟೂ ಕಾಫಿ
ಹುಡುಕಿ ಕೇಳಿದೆ. ಮೇಲಿನ ಮಹಡಿಯ ಹುಡುಗನಿಗೂ ಕಳುಹಿಸಿದೆ. ಸ್ವಾರ್ಥ ಇದೆ, ಸುಳ್ಳು ಹೇಳುವುದಿಲ್ಲ.

ತುಂಗಾತೀರ
ನಿನ್ನೆ ರಾತ್ರಿ ಅಪ್ಪನಿಗೆ ಮಂಕ್ ಚಿತ್ರ ತೋರಿಸಿದೆ. ಇಂಗ್ಲಿಷ್ ತಿಳಿಯುವುದಿಲ್ಲ, ಮಾತಿನ ಭಾಗ ಬಂದಾಗಲೆಲ್ಲ ಎದ್ದು ನೀರು ಕುಡಿದು ಬರುತ್ತಿದ್ದರು. ನುಡಿಸುವುದು ಶುರುವಾದರೆ ಕದಲಲಿಲ್ಲ. ಮಂಕ್ ಪಿಯಾನೊ ಬಿಟ್ಟು ಎದ್ದು ವೇದಿಕೆಯ ಮೇಲೆ ತಿರುಗುತ್ತಾನಲ್ಲ, ನಾನು ಅವನನ್ನೇ ನೋಡುತ್ತಿದ್ದೆ. ಅಪ್ಪ ನೋಡುತ್ತಿದ್ದದ್ದು ಸ್ಯಾಕ್ಸೊಫೋನಿನ ಚಾರ್ಲಿ ರೌಸ್ ಕಡೆಗೆ. ‘ಯಜಮಾನ ಎದ್ದು ಹೋದರೂ ಇವನು ಗಾಬರಿಯಾಗಲಿಲ್ಲ ನೋಡು. ಎಷ್ಟು ವರ್ಷದಿಂದ ಜೊತೆಗಿದ್ದಾನೆ?’ ಎಂದರು. ಹನ್ನೊಂದು ವರ್ಷ ಎಂದೆ. ‘ಅದೇ ಮತ್ತೆ’ ಎಂದರು.

ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ಊದಲಿಲ್ಲ. ಕೀಲಿಗಳಿಗೆ ಎಣ್ಣೆ ಹಾಕಿ ಒರೆಸಿ ಮತ್ತೆ ಇಟ್ಟರು.

ಹಳೆ ರೇಡಿಯೊ
ತಂದೆಯವರು ನುಡಿಸಿದ್ದರ ಧ್ವನಿಮುದ್ರಣ ಏನಾದರೂ ಇದೆಯೇ?

ತುಂಗಾತೀರ
ಒಂದೇ ಒಂದು ಇದೆ. 1996ರಲ್ಲಿ ಭದ್ರಾವತಿಯ ಒಂದು ಮದುವೆಯ ವಿಡಿಯೊ. ಅಪ್ಪ ಎಂಟು ನಿಮಿಷ ಬಿಡದೆ ನುಡಿಸಿದ್ದಾರೆ. ಅದರಲ್ಲಿ ಆರು ನಿಮಿಷ ಕ್ಯಾಮೆರಾ ಊಟದ ಪಂಕ್ತಿಯ ಮೇಲಿದೆ.

ಹಳೆ ರೇಡಿಯೊ
ದೋಣಿಗಳು!